ಸೂಳೆಕೆರೆಯ ಏರಿಯ ಮೇಲೆ ಒಂದು ಯವನಪ್ರಹಸನ

ಚನ್ನಗಿರಿ ಸೀಮೆಯ ಸೂಳೆಕೆರೆಯ ಏರಿ ಅಷ್ಟೇನೂ ಉದ್ದವಾದುದಲ್ಲ. ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಮುಚ್ಚಿ, ಹರಿದ್ರಾ ಹಳ್ಳವನ್ನು ತಡೆದು ನಿಂತಿರುವ ಆ ಪುಟ್ಟ ಏರಿಯ ಹಿಂದೆ ಆರು ಸಾವಿರ ಎಕರೆಗೂ ಮೀರಿದ ಜಲರಾಶಿ ಹರಡಿಕೊಂಡಿದೆಯೆಂಬುದನ್ನು ಕಣ್ಣಾರೆ ಕಂಡವನು ಸಹ ಒಡನೆಯೇ ನಂಬಲಾರನು. ನೀರು ಹೊರಬೀಳಲು ಹಳಬರು ಇಟ್ಟ ದಾರಿಗಳು ಎರಡು: ಉತ್ತರಕ್ಕೆ ಸಿದ್ಧನ ತೂಬು, ದಕ್ಷಿಣಕ್ಕೆ ಬಸವನ ತೂಬು. ಕೆರೆಯನ್ನು ಕಟ್ಟಿಸಿದವಳು ಶಾಂತವ್ವೆಯೆಂಬ ರಾಜಕುವರಿಯೆಂದು ಐತಿಹ್ಯ. ಅವಳ ನೆನಪಿಗೆ ಶಾಂತಿಸಾಗರವೆಂಬ ಮರ್ಯಾದಸ್ಥ ಹೆಸರೂ ಉಂಟು. ಆದರೆ ಆ ಹೆಸರು ಫಲಕಗಳ ಮೇಲೆ ಉಳಿದಿದೆಯೇ ಹೊರತು ಜನರ ನಾಲಗೆಗೆ ಇನ್ನೂ ಹತ್ತಿಲ್ಲ.

ಈ ಏರಿಯ ಮೇಲೆ ಕುಳಿತು ಒಂದು ಸಂಜೆ ನಾನು ಮೊಬೈಲಿನಲ್ಲಿ ಯವನಭಾಷೆಯ ಒಂದು ಪ್ರಹಸನವನ್ನು ಓದಲು ಹೆಣಗುತ್ತಿದ್ದೆನು. ಹೆಣಗುತ್ತಿದ್ದೆನು ಎಂಬುದೇ ಸರಿಯಾದ ಮಾತು. ನನ್ನ ಗ್ರೀಕು, ಕೋಲು ಹಿಡಿದು ನಡೆಯುವ ಮುದುಕನ ನಡಿಗೆಯಂಥದು.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಹೊರಗೆ ಶತಮಾನಗಳ ಕಸದ ತಿಪ್ಪೆಗಳಿದ್ದವು. 1896ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಆಕ್ಸ್‌ಫರ್ಡಿನ ವಿದ್ವಾಂಸರು ಅವುಗಳನ್ನು ಅಗೆಯತೊಡಗಿದರು. ಮಳೆಯೆಂಬುದನ್ನು ಬಹುಮಟ್ಟಿಗೆ ಕಾಣದ ಆ ಮಣ್ಣಿನಲ್ಲಿ ಪಪೈರಸ್ ಹಾಳೆಗಳು ಕೊಳೆಯದೆ ಉಳಿದಿದ್ದವು: ತೆರಿಗೆಯ ಲೆಕ್ಕ, ಸಾಲಪತ್ರ, ಮಗ ತಂದೆಗೆ ಬರೆದ ಓಲೆ, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಾವ್ಯದ ಚೂರು. 1903ರಲ್ಲಿ ಅಚ್ಚಾದ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯ ಹಾಳೆ ನಮ್ಮ ಪ್ರಹಸನದ್ದು. ಬರೆದ ಕಾಲ ಕ್ರಿಸ್ತಶಕ ಎರಡನೆಯ ಶತಮಾನ. ಖಾರಿಟಿಯಾನ್ ಎಂಬ ಯವನ ತರುಣಿ ಹಿಂದೂದೇಶದ ಕಡಲತಡಿಯಲ್ಲಿ, ಚಂದ್ರದೇವಿಯ ಗುಡಿಯಲ್ಲಿ, ಸೆರೆಯಾಗಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ಆ ನಾಡಿನ ಅರಸನಿಗೂ ಅವನ ಪರಿವಾರಕ್ಕೂ ಮದ್ಯವನ್ನು ಮನಸಾರೆ ಕುಡಿಸಿ, ಅಮಲೇರಿದವರನ್ನು ವಂಚಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುವುದೇ ಕಥೆ. ಜೊತೆಯಲ್ಲೊಬ್ಬ ವಿದೂಷಕನಿದ್ದಾನೆ, ಶತ್ರುಗಳನ್ನು ಅಟ್ಟಲು ಅವನು ಬಳಸುವ ಆಯುಧ ಅಪಾನವಾಯು! ತಾಳವಾದ್ಯ ಎಲ್ಲಿ ಬಾರಿಸಬೇಕೆಂಬ ಗುರುತುಗಳೂ ಹಾಳೆಯಲ್ಲಿರುವುದರಿಂದ, ಇದು ಓದುವುದಕ್ಕಿಂತ ಆಡುವುದಕ್ಕೆ ಬರೆದ ಬರಹವೆಂಬುದು ಸ್ಪಷ್ಟ. ನಮ್ಮ ಬಯಲಾಟದ ಹನುಮನಾಯಕನನ್ನು ಕಂಡವರಿಗೆ ಆ ವಿದೂಷಕ ಅಪರಿಚಿತನೆನಿಸಲಾರನು.

ನಮಗೆ ಬೇಕಾದುದು ಅರಸನ ಮಾತು. ಅವನೂ ಅವನ ಕಡೆಯವರೂ ಆಡುವ ನುಡಿ ಗ್ರೀಕಲ್ಲ. ಗ್ರೀಕು ಲಿಪಿಯಲ್ಲಿ ಬರೆದ ಇನ್ನಾವುದೋ ಭಾಷೆ. ಮದ್ರಾಸು ಸರಕಾರದ ಶಾಸನತಜ್ಞರಾಗಿದ್ದು ಬಳಿಕ ಜರ್ಮನಿಯ ಹಾಲೆಯಲ್ಲಿ ಪ್ರಾಧ್ಯಾಪಕರಾದ ಹುಲ್ಟ್ಸ್ ಅವರು 1904ರಲ್ಲಿ, ಇದು ಕನ್ನಡವೆಂದು ಸಾರಿದರು. ಬೇರೆ, ಕೊಂಚ, ಮಧು, ಪಾತ್ರಕ್ಕೆ, ಇಂಥ ಪದಗಳು ಅವರ ಕಿವಿಗೆ ಕೇಳಿಸಿದವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಮೈಸೂರಿನ ಶಾಮಶಾಸ್ತ್ರಿಗಳು ಈ ಪಕ್ಷವನ್ನು ಎತ್ತಿಹಿಡಿದರು. 1926ರಲ್ಲಿ ಲಂಡನ್ನಿನ ಬಾರ್ನೆಟ್ ಇದನ್ನು ಒಪ್ಪದೆ ಖಂಡಿಸಿದರು. ಅದು ಕನ್ನಡವಲ್ಲ, ತುಳುವೆಂದು ವಾದಿಸಿದವರೂ ಉಂಟು. ಯಾವ ಭಾಷೆಯೂ ಅಲ್ಲ, ಪ್ರೇಕ್ಷಕರನ್ನು ನಗಿಸಲು ಕಟ್ಟಿದ ಬರಿಯ ಗದ್ದಲವೆಂದವರೂ ಉಂಟು. ಹಲ್ಮಿಡಿ ಶಾಸನಕ್ಕಿಂತ ಎರಡು ಮೂರು ಶತಮಾನ ಹಿಂದಿನ ಕನ್ನಡ ಈಜಿಪ್ಟಿನ ತಿಪ್ಪೆಯಲ್ಲಿ ಸಿಕ್ಕಿತೆಂದರೆ ಯಾವ ಕನ್ನಡಿಗನ ಎದೆ ಉಬ್ಬದು? ಆ ಉಬ್ಬುವಿಕೆಯೇ ಇಲ್ಲಿ ಅಪಾಯಕರವಾದುದು.

ಏಕೆಂದರೆ, ಆ ಕಾಲದ ಲಿಪಿಕಾರರು ಪದಪದಗಳ ನಡುವೆ ತೆರಪು ಬಿಡುತ್ತಿರಲಿಲ್ಲ. ಅಕ್ಷರಗಳು ಕೆರೆಯ ನೀರಿನಂತೆ ಒಂದೇ ಹರಹು. ತೂಬು ಎಲ್ಲಿ ತೆರೆಯಬೇಕೆಂಬುದನ್ನು ಓದುವವನೇ ನಿಶ್ಚಯಿಸಬೇಕು. ಗ್ರೀಕಿನ ಭಾಗದಲ್ಲಿ ವ್ಯಾಕರಣವೂ ನಿಘಂಟೂ ಕೈಹಿಡಿದು ನಡೆಸುತ್ತವೆ. ಅರಸನ ಮಾತಿನಲ್ಲಿ ಆ ಆಸರೆಯಿಲ್ಲ. ಒಂದು ಉದಾಹರಣೆ ನೋಡಿ. ಒಂದೆಡೆ ‘ಮಲ್ಪಿನಿಯಕು’ ಎಂಬಂತೆ ಮೊದಲಾಗುವ ಒಂದು ಅಕ್ಷರಸಾಲು ಬರುತ್ತದೆ. ಕೆಲವರು ಇಲ್ಲಿ ಮಲ್ಪೆಯ ನಾಯಕನನ್ನು ಕಂಡರು. ಕಂಡೊಡನೆ ಪ್ರಹಸನದ ರಂಗಸ್ಥಳ ಉಡುಪಿಯ ಬಳಿಯ ಬಂದರಾಗಿಬಿಟ್ಟಿತು. ತುಳುವರ ಕಿವಿಗೆ ಅದೇ ಸಾಲು ‘ಮಲ್ಪುನಿ’, ಎಂದರೆ ಮಾಡುವುದು, ಎಂದು ಕೇಳಿಸಿದರೆ ಅವರನ್ನು ತಪ್ಪೆನ್ನುವುದು ಹೇಗೆ? ಊರಿನ ಹೆಸರೋ ಕ್ರಿಯಾಪದವೋ ಎಂಬುದು ಕತ್ತರಿ ಬಿದ್ದ ಜಾಗವನ್ನು ಅವಲಂಬಿಸಿದೆ. ಹಾಗೆಂದು ಹುಲ್ಟ್ಸ್ ಅವರ ಓದು ಬರಿಯ ಕಲ್ಪನೆಯೆಂದು ತಳ್ಳಿಹಾಕಲೂ ಮನಸ್ಸು ಬಾರದು. ಗ್ರೀಕರಲ್ಲಿ ಚಕಾರಕ್ಕೆ ಅಕ್ಷರವಿಲ್ಲ. ‘ಬೇರೆ ಕೊಂಚ’ ಎಂಬುದನ್ನು ಕೇಳಿ ಬರೆಯುವ ಯವನನು ಅಲ್ಲಿ ತನ್ನ ಝೀಟಾವನ್ನು ಇಡುವುದು ಸಹಜ, ಹಾಳೆಯಲ್ಲಿರುವುದೂ ಅದೇ.

ಈ ವಿವಾದ ನಡೆದ ಕಾಲದಲ್ಲಿ ಮಂಜೇಶ್ವರದಲ್ಲೋ ಮೈಸೂರಿನಲ್ಲೋ ಕುಳಿತ ವಿದ್ವಾಂಸನಿಗೆ ಆ ಸಂಪುಟವನ್ನು ಕಾಣುವುದೇ ಒಂದು ಯಾತ್ರೆ. ಈಗ ಇಂಟರ್‌ನೆಟ್ ಆರ್ಕೈವಿನಲ್ಲಿ 1903ರ ಅಚ್ಚು ಪುಟಪುಟವಾಗಿ ಬಿಚ್ಚಿಕೊಳ್ಳುತ್ತದೆ. 1972ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನಿನಲ್ಲಿ ಆರಂಭವಾದ ಒಂದು ಯೋಜನೆ ಪ್ರಾಚೀನ ಗ್ರೀಕು ವಾಙ್ಮಯವನ್ನೆಲ್ಲ ಗಣಕಕ್ಕೆ ಏರಿಸಲು ಹೊರಟು ಬಹುಮಟ್ಟಿಗೆ ಕೈಗೂಡಿಸಿಕೊಂಡಿತು. ‘ಪರ್ಸ್ಯೂಸ್’ ಎಂಬ ಮತ್ತೊಂದು ಭಂಡಾರದಲ್ಲಿ ಹೋಮರನ ಯಾವ ಪದವನ್ನು ಮುಟ್ಟಿದರೂ ಅದರ ವಿಭಕ್ತಿ, ವಚನ, ಧಾತು, ನಿಘಂಟಿನ ಅರ್ಥ ಎಲ್ಲವೂ ತೆರೆದುಕೊಳ್ಳುತ್ತವೆ. ಅರ್ಥ ಮಾತ್ರ ಇಂಗ್ಲಿಷಿನಲ್ಲಿ. 2011ರಲ್ಲಿ ಆಕ್ಸಿರಿಂಕಸಿನ ಅಚ್ಚಾಗದ ಹಾಳೆಗಳ ಚಿತ್ರಗಳನ್ನು ಜಗತ್ತಿನ ಮುಂದಿಟ್ಟು, ಗ್ರೀಕು ಬಾರದವರೂ ಅಕ್ಷರದ ಆಕಾರ ನೋಡಿ ಗುರುತಿಸಲೆಂದು ಕೇಳಿಕೊಂಡರು. 2023ರಲ್ಲಂತೂ ವೆಸೂವಿಯಸ್ ಜ್ವಾಲಾಮುಖಿಯ ಬೆಂಕಿಗೆ ಸಿಕ್ಕಿ ಕ್ರಿಸ್ತಶಕ 79ರಲ್ಲಿ ಇದ್ದಿಲಾದ ಸುರುಳಿಯೊಂದನ್ನು ಬಿಚ್ಚದೆಯೇ, ಕ್ಷಕಿರಣದ ಚಿತ್ರದಿಂದ, ನೇರಳೆ ಬಣ್ಣವೆಂಬರ್ಥದ ಒಂದು ಗ್ರೀಕು ಪದವನ್ನು ಓದಿದರು.

ಲ್ಯಾಟಿನ್ನಿನ ಮಾತು ಬಂದರೆ ದೂರ ಹೋಗಬೇಕಾದುದಿಲ್ಲ. ಇಲ್ಲಿಂದ ಪೂರ್ವಕ್ಕೆ, ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಭಾರತದಲ್ಲಿ ಹೆಚ್ಚಾಗಿ ಸಿಕ್ಕುವ ಟಿಬೇರಿಯಸನ ನಾಣ್ಯದಲ್ಲಿ ಜಾಗ ಸಾಲದೆ ಮೊಟಕಾದ ಬರಹವುಂಟು. ‘ಎಫ್’ ಎಂಬ ಒಂದೇ ಅಕ್ಷರ ಅಲ್ಲಿ ಮಗನೆಂಬುದರ ಗುರುತು, ದೇವನಾದ ಅಗಸ್ಟಸನ ಮಗ ಎಂದು ಓದಬೇಕು. ರೋಮನ್ ಸಾಮ್ರಾಜ್ಯದ ನಾಣ್ಯಗಳ ಸೂಚಿಯೂ ಈಗ ಗಣಕದಲ್ಲಿದೆ. ಹುಡುಕುವವನು ಮಾತ್ರ ಆ ಒಂದಕ್ಷರವನ್ನು ಬಲ್ಲವನಾಗಿರಬೇಕು.

ಯಂತ್ರದ ಓದು ಎಂಥದೆಂಬುದಕ್ಕೆ ನನ್ನದೇ ಒಂದು ಅನುಭವ. ಪ್ರಹಸನವಿದ್ದ ಪುಟವನ್ನು ಅಕ್ಷರ ಗುರುತಿಸುವ ತಂತ್ರಾಂಶವೊಂದಕ್ಕೆ ಉಣಿಸಿದೆನು. ಅದು ಗ್ರೀಕಿನ ‘ರೋ’ವನ್ನು ರೋಮನ್ ‘ಪಿ’ ಎಂದೂ, ‘ಈಟಾ’ವನ್ನು ‘ಎನ್’ ಎಂದೂ, ‘ನ್ಯೂ’ವನ್ನು ‘ವಿ’ ಎಂದೂ ಬಗೆದು, ಅರಸನ ಮಾತಿಗಿಂತಲೂ ವಿಚಿತ್ರವಾದೊಂದು ಭಾಷೆಯನ್ನು ಕೈಗಿತ್ತಿತು. ನಕ್ಕೆನು, ಆಮೇಲೆ ನಗು ನಿಂತಿತು. ಆ ಪುಟವೊಂದೇ ಮುಂದಿನವರಿಗೆ ಸಿಕ್ಕಿದ್ದರೆ, ಅದರಲ್ಲಿಯೂ ಕನ್ನಡವನ್ನು ಕಾಣುವವರು ಹುಟ್ಟಿಕೊಳ್ಳುತ್ತಿದ್ದರು!

ಚನ್ನಗಿರಿ, ಹೊನ್ನಾಳಿಗಳ ಶಾಸನಗಳನ್ನು ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚುಹಾಕಿಸಿದರು, ಜಗಳೂರಿನವು ಹನ್ನೊಂದನೆಯದರಲ್ಲಿವೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಈ ಮೂರೂ ಇರುವ ಆ ಪುಟಗಳೂ ಮೊಬೈಲಿನಲ್ಲಿ ತೆರೆಯುತ್ತವೆ. ಆದರೆ ಸವೆದ ಅಕ್ಷರಗಳ ಜಾಗದಲ್ಲಿ ರೈಸರು ಇಟ್ಟ ಚುಕ್ಕಿಗಳು ಎಷ್ಟು ಹಿಗ್ಗಿಸಿದರೂ ಚುಕ್ಕಿಗಳಾಗಿಯೇ ಉಳಿಯುತ್ತವೆ. ಅಲ್ಲಿಗೆ ಹೊಲದ ಬದುವಿನ ಕಲ್ಲಿನ ಬಳಿಗೇ ನಡೆದು, ಓರೆಬಿಸಿಲಿನಲ್ಲಿ ಬೆರಳಾಡಿಸಿ ನೋಡಬೇಕು. ನೂರು ವರ್ಷದ ಹಿಂದಿನ ಓದುಗನಿಗಿದ್ದ ಕೆಲಸವೇ ಅದು. ನಮಗೆ ದಾರಿ ಮಾತ್ರ ಹತ್ತಿರವಾಗಿದೆ.

ಹೊತ್ತು ಇಳಿಯುತ್ತಿರಲು ನೀರುಗಂಟಿಯೊಬ್ಬರು ಬಂದು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತರು. “ಅವಾಗ್ನಿಂದ ಏನ್ ನೋಡ್ತಿದೀರಿ ಸ್ವಾಮಿ?” ಎಂದರು. ಸಾಧ್ಯವಾದಷ್ಟು ಸರಳವಾಗಿ ಕಥೆ ಹೇಳಿದೆನು. ಕನ್ನಡವೋ ತುಳುವೋ ಎಂಬ ಜಗಳವನ್ನೂ ಹೇಳಿದೆನು. ಜಗಳದಲ್ಲಿ ಅವರಿಗೆ ಆಸಕ್ತಿ ಹುಟ್ಟಲಿಲ್ಲ. ಸ್ವಲ್ಪ ಹೊತ್ತು ನೀರಿನ ಕಡೆ ನೋಡಿ, “ಅಲ್ರೀ, ಆ ಹೆಣ್ಮಗಳು ಊರು ಮುಟ್ಟಿದ್ಲಾ?” ಎಂದು ಕೇಳಿದರು.

ಅರಸನನ್ನು ಕಟ್ಟಿಹಾಕಿದ್ದಾರೆ, ಹಡಗು ಕಾಯುತ್ತಿದೆ, ಹಾಳೆ ಅಲ್ಲಿಗೇ ಮುಗಿಯುತ್ತದೆ ಎಂದೆನು.