ಮಳೆಗಾಲದ ತರಕಾರಿಗೊಂದು ಮಾಡು

ಮಲೆನಾಡಿನ ಮಳೆಯನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟು ವರ್ಣನೆಗಳಿವೆ. ಆ ಮಳೆಯ ನಾಲ್ಕು ತಿಂಗಳು ಮಲೆನಾಡಿನ ಒಲೆಯ ಮೇಲೆ ಏನು ಬೇಯುತ್ತದೆಂದು ವಿಚಾರಿಸಿದವರು ಕಡಮೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಇಂಥ ಸೀಮೆಯಲ್ಲಿ ಆಷಾಢದ ಹಿತ್ತಲು ಬರಿದು. ಜಂತಿಗೆ ತೂಗುಹಾಕಿದ ಸೌತೆಕಾಯಿ, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಕೆಸುವಿನ ಎಲೆ, ಕಳಲೆ—ಇವು ಹಿರಿಯರು ಕಂಡುಕೊಂಡಿದ್ದ ದಾರಿಗಳು. ಈಗ ಬಯಲುಸೀಮೆಯ ತರಕಾರಿ ಲಾರಿಯೇರಿ ಬರುತ್ತದೆ. ರಸ್ತೆಯ ಮೇಲೆ ಗುಡ್ಡ ಜರಿದ ವಾರ ಅದೂ ಇಲ್ಲ. ಬಂದ ವಾರ ಅದರ ಬೆಲೆ ಕೂಲಿಮಾಡಿ ಉಣ್ಣುವವರ ಕೈಗೆ ಎಟುಕುವುದಿಲ್ಲ. ಆದ್ದರಿಂದಲೇ ಹಿತ್ತಿಲಲ್ಲಿ ಕಟ್ಟಿಕೊಳ್ಳಬಹುದಾದ ಒಂದು ಅಗ್ಗದ ಮಾಡಿನ ಬಗೆಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮಳೆಯಿಂದ ಮರೆಮಾಡುವ ವಿದ್ಯೆ ನಮಗೆ ಹೊಸದಲ್ಲ. ನಾಟಿಯ ಹೆಣ್ಣಾಳಿಗೆ ಗೊರಬು ಇತ್ತು, ಗಂಡಾಳಿಗೆ ಕಂಬಳಿಕೊಪ್ಪೆ ಇತ್ತು, ಕೊಳೆರೋಗ ತಗಲದಂತೆ ಅಡಕೆಯ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ತರಕಾರಿ ಗಿಡಕ್ಕೆ ಮಾತ್ರ ಏನೂ ಇರಲಿಲ್ಲ. ಹುಲ್ಲಿನ ಮಾಡು ಮಳೆಯೊಡನೆ ಬೆಳಕನ್ನೂ ತಡೆಯುತ್ತದೆ. ಬೆಳಕು ಬಿಡುವ ಗಾಜು ಸಿರಿವಂತರ ವಸ್ತು. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಪಾಲಿಥೀನ್ ಅನಿರೀಕ್ಷಿತವಾಗಿ ದೊರಕಿತು. 1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮರಿ ಎಮರ್ಟ್ ಎಂಬ ಪ್ರಾಧ್ಯಾಪಕರು, ಗಾಜು ದುಬಾರಿಯೆಂದು, ಮರದ ಚೌಕಟ್ಟಿಗೆ ಬೇರೊಂದು ಬಗೆಯ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಗಿಡ ಬೆಳೆದರು. ಮುಂದೆ ಆ ಜಾಗವನ್ನು ಪಾಲಿಥೀನ್ ಹಿಡಿಯಿತು. ಬಡತನವೂ ಒಮ್ಮೊಮ್ಮೆ ಒಳ್ಳೆಯ ಗುರು.

ಅಲ್ಲಿಯವರ ಸಮಸ್ಯೆ ಚಳಿ, ನಮ್ಮದು ನೀರು. ಈ ಭೇದವನ್ನು ಮರೆತು ಅವರ ನಕ್ಷೆಯನ್ನು ಇದ್ದಂತೆಯೇ ನಕಲುಮಾಡಬಾರದು. ಮುಚ್ಚಿದ ಮನೆಯೊಳಗೆ ಕಾವೇರುವುದೇಕೆ? ಒಳಗಿನ ಶಾಖದ ಕಿರಣಗಳನ್ನು ಗಾಜು ಹೊರಬಿಡದಿರುವುದೇ ಕಾರಣವೆಂದು ಬಹುಕಾಲ ನಂಬಿದ್ದರು. 1909ರಲ್ಲಿ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಶಾಖಕಿರಣಗಳನ್ನು ಹೊರಬಿಡುವ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿದರು. ಎರಡೂ ಹೆಚ್ಚುಕಡಮೆ ಒಂದೇ ಸಮನಾಗಿ ಬಿಸಿಯಾದವು. ಕಾವನ್ನು ಹಿಡಿದಿಡುವುದರಲ್ಲಿ ಮುಖ್ಯ ಪಾತ್ರ ಮೇಲೇರಿ ತಪ್ಪಿಸಿಕೊಳ್ಳಲಾಗದ ಗಾಳಿಯದು ಎಂದಾಯಿತು. ಹಾಗಾದರೆ ಗಾಳಿಗೆ ದಾರಿ ಬಿಟ್ಟರೆ ಕಾವು ನಿಲ್ಲದು. ಹಗಲಿನ ಉಷ್ಣ 35 ಡಿಗ್ರಿ ದಾಟಿದರೆ ಟೊಮೇಟೊ ಹೂವು ಸರಿಯಾಗಿ ಕಾಯಿಕಟ್ಟದು. ಆದುದರಿಂದ ನಮಗೆ ಬೇಕಾದದ್ದು ಮಾಡು ಮಾತ್ರ, ಗೋಡೆಯಲ್ಲ.

ನಾನು ಕಟ್ಟಿರುವ ಮಾಡಿನ ಉದ್ದ 20 ಅಡಿ, ಅಗಲ 10 ಅಡಿ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಉದ್ದವನ್ನು ಪೂರ್ವ-ಪಶ್ಚಿಮವಾಗಿ ಇಟ್ಟಿದ್ದೇನೆ. ಗಾಳಿ ಮಾಡಿಗೆ ಗುದ್ದದೆ ಹಾದುಹೋಗುತ್ತದೆ. ಪಡುವಣ ಬಾಯಿಗೆ ತೆಂಗಿನ ಗರಿಯ ತಟ್ಟಿ ಕಟ್ಟಿದರೆ ಇರಿಚಲು ತಗ್ಗುತ್ತದೆ. ಎರಡು ಪಕ್ಕಗಳಲ್ಲೂ ಐದೈದು ಅಡಿಗೊಂದರಂತೆ ಹತ್ತು ಅಡಕೆ ಮರದ ಕಂಬಗಳು. ನೆಲದ ಮೇಲೆ 5 ಅಡಿ, ನೆಲದೊಳಗೆ 2 ಅಡಿ. ಹೂಳುವ ಭಾಗಕ್ಕೆ ಡಾಂಬರು ಬಳಿದರೆ ಗೆದ್ದಲು ಬೇಗ ಹತ್ತದು. ನಡುವೆ 8 ಅಡಿ ಎತ್ತರದ ಮೂರು ಕಂಬಗಳ ಮೇಲೆ ಅಡಕೆ ದಬ್ಬೆಯ ನೆತ್ತಿ. ಅದರ ಮೇಲಿಂದ 15 ಅಡಿಯ ಬಿದಿರಿನ ಸೀಳುಗಳನ್ನು ಕಮಾನಿನಂತೆ ಬಗ್ಗಿಸಿ ಕಟ್ಟಿದರೆ ಎರಡೂ ಕಡೆ ಒಂದಡಿಗೆ ಮಿಕ್ಕಿ ಸೂರು ಚಾಚುತ್ತದೆ. ಬಿದಿರಿನ ಸಿಬಿರುಗಳನ್ನು ಕೆತ್ತಿ, ಗಂಟುಗಳಿಗೆ ಹಳೆಯ ಬಟ್ಟೆ ಸುತ್ತಬೇಕು. ಹಾಳೆಯ ಮೊದಲ ಶತ್ರು ಮಳೆಯಲ್ಲ, ಸಿಬಿರು.

ಕೊಳ್ಳಬೇಕಾದದ್ದು ಹಾಳೆ ಮತ್ತು ಹಗ್ಗ. ಹಾಳೆ 200 ಮೈಕ್ರಾನ್ ದಪ್ಪದ್ದು, ಅಂದರೆ ಮಿಲಿಮೀಟರಿನ ಐದನೆಯ ಒಂದು ಪಾಲು. 16 ಅಡಿ ಅಗಲ, 24 ಅಡಿ ಉದ್ದ. ಅದು ನೇರಳಾತೀತ ಕಿರಣವನ್ನು ತಾಳುವಂಥದ್ದಾಗಿರಬೇಕು. ಸಾಧಾರಣ ಹಾಳೆಯ ಅಣುಸರಪಳಿಗಳನ್ನು ಬಿಸಿಲು ಕಡಿದುಹಾಕುವುದರಿಂದ ಅದು ಬೇಗ ಹಪ್ಪಳದಂತೆ ಮುರಿಯುತ್ತದೆ. ಗಾಳಿಯಿಲ್ಲದ ಎಳೆಬಿಸಿಲಿನಲ್ಲಿ ಹೊದಿಸಿ, ಅಂಚನ್ನು ದಬ್ಬೆಗೆ ಸುರುಳಿಸುತ್ತಿ ಕಟ್ಟಬೇಕು, ಮೊಳೆ ಹೊಡೆಯಬಾರದು. ಎರಡೆರಡು ಕಮಾನುಗಳ ನಡುವೆ ಮೇಲಿಂದ ಹಗ್ಗ ಬಿಗಿದರೆ ಹಾಳೆ ಪಟಪಟನೆ ಬಡಿಯುವುದಿಲ್ಲ. ಎಲ್ಲಿಯೂ ಗುಳಿ ಬೀಳದಂತೆ ನೋಡಿಕೊಳ್ಳಬೇಕು: ಒಂದು ಚದರ ಅಡಿಯಲ್ಲಿ ಒಂದು ಅಂಗುಲ ನಿಂತ ನೀರಿನ ತೂಕ ಎರಡು ಕಿಲೋಗೂ ಹೆಚ್ಚು.

ಕೆಳಗೆ ಒಂದು ಗೇಣಿನ ಎತ್ತರದ ಮಡಿಗಳು, ಸುತ್ತ ಕಾಲುವೆ. ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಈ ಪುಟ್ಟ ಮಾಡಿನಿಂದಲೇ 1,800 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಹೊರಗೆ ಜಡಿಮಳೆ, ಒಳಗೆ ಚೊಂಬು ಹಿಡಿದು ಗಿಡಕ್ಕೆ ನೀರೆರೆಯುವವರು. ಕಂಡವರಿಗೆ ನಗು ಬಂದೀತು. ಆದರೆ ಗುಟ್ಟು ಅಲ್ಲಿಯೇ ಇದೆ. ಅಡಕೆಗೆ ಕೊಳೆರೋಗ ತರುವ ಫೈಟಾಫ್ತೊರದ ದಾಯಾದಿಯೇ ಟೊಮೇಟೊಗೆ ಅಂಗಮಾರಿ ತರುವುದು. ಎಲೆಯ ಮೇಲೆ ಪಸೆ ನಿಂತರೆ ಅದಕ್ಕೆ ಹಬ್ಬ. ಬುಡಕ್ಕೆ ನೀರುಣಿಸಿ ಎಲೆಯನ್ನು ಒಣಗಿರಿಸಿದರೆ ರೋಗದ ಅರ್ಧ ಬಲ ಉಡುಗಿದಂತೆ. ಮೆಣಸು, ಹರಿವೆ, ಕೊತ್ತಂಬರಿ, ಅಲಸಂದೆಗಳೂ ಇಲ್ಲಿ ಒಪ್ಪವಾಗಿ ಬರುತ್ತವೆ. ಹಾಳೆಯ ಮೇಲೆ ಪಾಚಿ ಕಟ್ಟಿದರೆ ಮೋಡದ ದಿನಗಳ ಅಲ್ಪ ಬೆಳಕೂ ಕೆಡುತ್ತದೆ, ಆಗಾಗ ತೊಳೆಯಬೇಕು.

ಕಾಡಿನ ಮಡಿಲಿಗೆ ಪ್ಲಾಸ್ಟಿಕ್ಕನ್ನು ತರುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ನನ್ನ ಉತ್ತರ ಇಷ್ಟೆ. ಮಳೆ ಹಿಂದೆ ಸರಿದೊಡನೆ ಹಾಳೆಯನ್ನು ಬಿಚ್ಚಿ, ಒರಸಿ, ಅಟ್ಟಕ್ಕೇರಿಸಿದರೆ ಬೇಸಗೆಯ ಬಿಸಿಲು ಅದನ್ನು ತಿನ್ನುವುದು ತಪ್ಪುತ್ತದೆ, ಬಾಳಿಕೆ ಹೆಚ್ಚುತ್ತದೆ. ಹರಿದ ಮೇಲೆ ಅದನ್ನು ಸುಡದೆ, ಹೂಳದೆ, ಮರುಬಳಕೆಗೆ ಕೊಳ್ಳುವವರಿಗೆ ಒಪ್ಪಿಸಬೇಕು. ಕಂಬ, ಕಮಾನು, ದಬ್ಬೆಗಳು ಹೇಗೂ ಮಣ್ಣಿನವು, ಮಣ್ಣಿಗೇ ಹೋಗುತ್ತವೆ. ಇಷ್ಟು ಹೊಣೆ ಹೊರಲಾರದವರು ಈ ಮಾಡನ್ನು ಕಟ್ಟದಿರುವುದೇ ಲೇಸು. ಹೊರಬಲ್ಲವರ ಮನೆಯಲ್ಲಿ ಶ್ರಾವಣದ ಹಬ್ಬದಡುಗೆಗೆ ಕೊತ್ತಂಬರಿ ಸೊಪ್ಪು ಹಿತ್ತಿಲಿನಿಂದಲೇ ಬರಲಿ.