ಷಡ್ಜದ ನೆಲೆ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆ ಹಾಡಿನ ಬೀಡು. ಮಲೆಯ ಮಾದಪ್ಪನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ ಮೀಟಿ ಹಾಡುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಗೊರುಕನವುಂಟು. ಈ ಹಾಡುಗಳ ಕಥೆಯನ್ನೂ ಭಾಷೆಯನ್ನೂ ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಆದರೆ ಕಥೆ ಮೊದಲಾಗುವ ಮುಂಚೆ ನಡೆಯುವ ಒಂದು ಸಣ್ಣ ಕೆಲಸದ ಕಡೆಗೆ ನಮ್ಮ ಗಮನ ಹರಿಯುವುದು ಕಡಮೆ. ನೀಲಗಾರರು ತಂಬೂರಿಯ ಬಿರಡೆಯನ್ನು ತಿರುಗಿಸುತ್ತಾರೆ, ತಂತಿಯನ್ನು ಮೀಟುತ್ತಾರೆ, ಮತ್ತೆ ತಿರುಗಿಸುತ್ತಾರೆ. ಕಂಠಕ್ಕೆ ಒಗ್ಗುವ ಸ್ವರ ದೊರೆತಾಗ ಕೈ ನಿಲ್ಲುತ್ತದೆ. ಶಾಸ್ತ್ರಜ್ಞರು ಆ ಸ್ವರವನ್ನು ಷಡ್ಜವೆನ್ನುತ್ತಾರೆ.

ಷಡ್ಜದಷ್ಟು ಸ್ಥಿರವಾದ ಸ್ವರವಿಲ್ಲ; ಅದರಷ್ಟು ಸ್ವತಂತ್ರವಾದದ್ದೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ನಿರೂಪಿಸಿದ 72 ಮೇಳಗಳಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದಗಳು ರೂಪವನ್ನು ಬದಲಾಯಿಸುತ್ತವೆ, ಮಧ್ಯಮಕ್ಕೂ ಎರಡು ರೂಪಗಳುಂಟು, ಷಡ್ಜ ಪಂಚಮಗಳು ಮಾತ್ರ ಕದಲುವುದಿಲ್ಲ. ಹಾಗಿದ್ದರೂ ಷಡ್ಜ ಎಷ್ಟು ಎತ್ತರದಲ್ಲಿರಬೇಕೆಂದು ಶಾಸ್ತ್ರ ವಿಧಿಸಿಲ್ಲ. ಒಬ್ಬರ ಷಡ್ಜ ಸೆಕೆಂಡಿಗೆ 130 ಕಂಪನಗಳದ್ದಾದರೆ ಇನ್ನೊಬ್ಬರದು 200 ಆಗಬಹುದು. 200ನ್ನು ಷಡ್ಜವೆಂದು ಹಿಡಿದರೆ ಪಂಚಮ 300, ತಾರಷಡ್ಜ 400. ಉಳಿದ ಸ್ವರಗಳಿಗೆ ತಮ್ಮದೆಂಬ ಊರಿಲ್ಲ. ಷಡ್ಜದಿಂದ ಇಂತಿಷ್ಟು ದೂರವೆಂಬುದೇ ಅವುಗಳ ವಿಳಾಸ.

ಈ ದೂರಗಳನ್ನು ಮನುಷ್ಯನೊಬ್ಬನೇ ಕಲ್ಪಿಸಿದ್ದಲ್ಲ. ಕಛೇರಿಯ ತಂಬೂರಿಯ ಷಡ್ಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ, ಯಾರೂ ನುಡಿಸದ ಅಂತರ ಗಾಂಧಾರ ಮೆಲ್ಲನೆ ಕೇಳಿಬರುತ್ತದೆ. ಅದು ತಂತಿಯ ಐದನೆಯ ಉಪಸ್ವರ. ತನ್ನಷ್ಟಕ್ಕೆ ಹುಟ್ಟುವ ಇಂಥ ಸ್ವಯಂಭೂ ಸ್ವರಗಳ ವಿಚಾರವನ್ನು ವಿಜಯನಗರದ ಕಾಲದ ರಾಮಾಮಾತ್ಯ 1550ರ ‘ಸ್ವರಮೇಳಕಲಾನಿಧಿ’ಯಲ್ಲಿಯೇ ಎತ್ತಿದ್ದಾನೆ. ಅಗಲವಾದ ಕುದುರೆಯೂ ತಂತಿಯಡಿಯ ಎಳೆ ದಾರವೂ ಸೇರಿ ಉಪಸ್ವರಗಳನ್ನು ಹೇಗೆ ಎಬ್ಬಿಸುತ್ತವೆಂಬುದನ್ನು ಸಿ. ವಿ. ರಾಮನ್ 1921ರಲ್ಲಿ ವಿವರಿಸಿದರು. ಕಂಸಾಳೆಯ ಕಂಚಿಗೆ ಈ ಗುಣವಿಲ್ಲ. ಅದರ ಉಪಸ್ವರಗಳು ಇಂಥ ಸರಳ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಆದುದರಿಂದಲೇ ಕಂಚು ತಾಳವನ್ನು ಹಿಡಿಯುತ್ತದೆ, ತಂತಿ ಶ್ರುತಿಯನ್ನು ಹಿಡಿಯುತ್ತದೆ.

ಪಾಶ್ಚಾತ್ಯರು ಬೇರೊಂದು ದಾರಿ ಹಿಡಿದರು. ನೂರು ವಾದ್ಯಗಳು ಒಟ್ಟಿಗೆ ನುಡಿಯಬೇಕಾದರೆ ಎಲ್ಲಕ್ಕೂ ಒಂದೇ ಅಳತೆ ಬೇಕು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನ ‘ಎ’ ಎಂಬ ಸ್ವರಕ್ಕೆ 440 ಕಂಪನಗಳೆಂದು ನಿಗದಿಮಾಡಿತು. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವ ಕ್ರಮ ಹಾರ್ಮೋನಿಯಂ, ಕೀಬೋರ್ಡುಗಳೊಡನೆ ನಮ್ಮಲ್ಲಿಗೂ ಬಂದಿತು. ‘ಒಂದು ಮನೆ’, ‘ಐದು ಮನೆ’ ಎಂದು ಗಾಯಕರು ಶ್ರುತಿಯನ್ನು ಹೆಸರಿಸುವುದು ಆ ಮನೆಗಳಿಂದಲೇ. ಅನುಕೂಲ ದೊಡ್ಡದು; ತೆರಬೇಕಾದ ಬೆಲೆಯೂ ಉಂಟು. 200ರ ಷಡ್ಜಕ್ಕೆ ತಂತಿಯೊಳಗಿನ ಲೆಕ್ಕದ ಗಾಂಧಾರ 250. ಸಮಪಾಲಿನದು ಹೆಚ್ಚುಕಡಮೆ 252. ವ್ಯತ್ಯಾಸ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು. ಪಳಗಿದ ಕಿವಿ ಅದನ್ನು ಗುರುತಿಸದೆ ಬಿಡದು.

ಗಾಂಧಾರದ ಈ ಕೂದಲೆಳೆಗಿಂತ ಹೆಚ್ಚಿನದು ಷಡ್ಜದ ಪ್ರಶ್ನೆ. ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಯಿರಲಿ, ಒಕ್ಕಲ ಮನೆಯಂಗಳವಿರಲಿ, ನೀಲಗಾರರ ಕಥೆ ಇರುಳೆಲ್ಲ ಸಾಗುವಂಥದು. ಷಡ್ಜವನ್ನು ಏರಿಸಿ ಹಿಡಿದರೆ ನಡುರಾತ್ರಿಗೆ ಕಂಠ ಒಡೆಯುತ್ತದೆ. ಇಳಿಸಿ ಹಿಡಿದರೆ ಕಡೆಯ ಸಾಲಿನವರಿಗೆ ಮಾತು ಮುಟ್ಟದು. ಶ್ರುತಿ ಹಿಡಿಯುವುದೆಂದರೆ ತನ್ನ ಕಸುವನ್ನೂ ಇರುಳಿನ ಉದ್ದವನ್ನೂ ಅಳೆದುಕೊಳ್ಳುವುದು. ವೇದಿಕೆಯ ಹತ್ತು ನಿಮಿಷದ ಪ್ರದರ್ಶನದಲ್ಲಿ ಈ ಅಳತೆ ಬೇಕಾಗುವುದಿಲ್ಲ. ವಾದ್ಯ ಮೊದಲೇ ನಿಂತ ಕಡೆಗೆ ಹಾಡುಗಾರ ಹೋಗಿ ನಿಲ್ಲಬೇಕಾಗುತ್ತದೆ. ಹಾಡು ಉಳಿದರೂ ಹಾಡುವ ವಿವೇಕವೊಂದು ಹೀಗೆ ಕಳೆದುಹೋಗುವ ಭಯವಿದೆ.

ದೋಷ ಯಂತ್ರದ್ದಲ್ಲ. ಇಂದಿನ ಶ್ರುತಿಪೆಟ್ಟಿಗೆಯನ್ನು ಯಾರ ಕಂಠಕ್ಕೆ ಬೇಕಾದರೂ ಹೊಂದಿಸಬಹುದು; ತಿರುಗಿಸುವವರು ಯಾರೆಂಬುದೇ ಮುಖ್ಯ. ಶಾಲೆಯಲ್ಲಿ ಮಕ್ಕಳಿಂದ ಹಾಡಿಸುವ ಉಪಾಧ್ಯಾಯರು ಸ್ವರ ಕೊಡುವ ಮೊದಲು ಮಕ್ಕಳನ್ನೇ ಒಂದು ಸ್ವರ ಕೇಳಲಿ. ಅವರ ಕಂಠ ಎಲ್ಲಿ ಸುಖವಾಗಿ ನಿಲ್ಲುವುದೊ ಅಲ್ಲಿಯೇ ಷಡ್ಜದ ನೆಲೆ.