ರಕ್ತದ ಒತ್ತಡವೂ ಖಾಸಗಿ ದವಾಖಾನೆಯೂ

ಕಾರವಾರದ ಬೈತಖೋಲ ಬಂದರದಲ್ಲಿ ಮೀನು ಹೊರುವವನಿಗೂ ಅಂಕೋಲೆಯ ಪೇಟೆಯಲ್ಲಿ ಬುಟ್ಟಿಯಿಳಿಸಿ ಕುಳಿತವಳಿಗೂ ಸರಕಾರಿ ಆಸ್ಪತ್ರೆಯ ಬೆಳಗಿನ ಸರದಿಯೆಂದರೆ ಆ ದಿನದ ಕೂಲಿಯ ನಷ್ಟವೇ ಸರಿ. ಆದುದರಿಂದ ದೀಪ ಹಚ್ಚಿದ ಮೇಲೆ ಅವರು ಏರುವುದು ಖಾಸಗಿ ಡಾಕ್ಟರರ ಮೆಟ್ಟಿಲನ್ನು. ಅಲ್ಲಿ ಮೈನೋವಿಗೆ ಸೂಜಿಯೂ ಮೂರು ದಿನದ ಗುಳಿಗೆಯೂ ದೊರೆಯುತ್ತವೆ. ರಕ್ತದ ಒತ್ತಡವನ್ನು ಅಳೆಯುವುದು ಮಾತ್ರ, ರೋಗಿಯು ತಲೆ ತಿರುಗುತ್ತದೆಂದರೆ ಉಂಟು, ಇಲ್ಲವಾದರೆ ಇಲ್ಲ. ಇದು ಎಲ್ಲ ಡಾಕ್ಟರರ ಮೇಲಣ ಆಕ್ಷೇಪಣೆಯಲ್ಲ. ದಕ್ಷರಾದವರು ನಮ್ಮಲ್ಲಿ ಇದ್ದಾರೆ.

ಆದರೆ ಈ ವ್ಯಾಧಿಯು ಹೇಳಿ ಬರುವುದಲ್ಲ. ಒತ್ತಡವು 140/90ನ್ನು ಮೀರಿ ವರ್ಷಗಟ್ಟಲೆ ನಿಂತರೂ ಮನುಷ್ಯನು ಮೂಟೆ ಹೊರುತ್ತಲೇ ಇರುತ್ತಾನೆ. ಒಂದು ದಿನ ಪಾರ್ಶ್ವವಾಯು ಬಡಿದು, ಮನೆಯಲ್ಲಿ ದುಡಿಯುವ ಕೈಯೇ ಬಿದ್ದುಹೋಗುತ್ತದೆ. ಗುಳಿಗೆಯಿಂದ ಒತ್ತಡವು ಇಳಿದೊಡನೆ ರೋಗವೇ ಹೋಯಿತೆಂದು ಬಗೆದು ಔಷಧವನ್ನು ಬಿಡುವವರೇ ಬಹಳ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು 61 ದಿನ ದಡದಲ್ಲಿ ನಿಂತಾಗಲಂತೂ ಕೂಲಿಯೊಡನೆ ಗುಳಿಗೆಯೂ ನಿಲ್ಲುತ್ತದೆ. ಆಗಿನ ಊಟವಾದರೋ ಗಂಜಿ, ಒಣಮೀನು, ಉಪ್ಪಿನಕಾಯಿ. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಹೂಡಿದ ಅಂಕೋಲೆಯವರಿಗೆ ಉಪ್ಪನ್ನು ಕಡಿಮೆ ಮಾಡಿರೆಂದು ಹೇಳಲು ಸಂಕೋಚವಾಗುತ್ತದೆ. ಆದರೂ ದಿನಕ್ಕೆ 5 ಗ್ರಾಮಿಗಿಂತ ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಕಿರಾಣಿಯವನು ಎರಡು ರೂಪಾಯಿಯ ಉದ್ರಿಯನ್ನೂ ವಹಿಯಲ್ಲಿ ಬರೆದಿಡುತ್ತಾನೆ. ಆರು ತಿಂಗಳಿಂದ ಬಾರದ ರೋಗಿಯ ಹೆಸರು ಎಷ್ಟು ದವಾಖಾನೆಗಳ ವಹಿಯಲ್ಲಿದೆ? ರಕ್ತದ ಒತ್ತಡದ ಹತೋಟಿಗಾಗಿ 2017ರ ನವೆಂಬರಿನಲ್ಲಿ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಆರಂಭವಾದ ಕಾರ್ಯಕ್ರಮವು ಒಂದೇ ಕ್ರಮದ ಚಿಕಿತ್ಸೆ, ತಪ್ಪದ ಔಷಧ, ರೋಗಿಯ ದಾಖಲೆ ಇವನ್ನೇ ಆಧಾರವಾಗಿಟ್ಟುಕೊಂಡಿತು. ಆದರೆ ಅದು ಮುಖ್ಯವಾಗಿ ಸರಕಾರಿ ಆಸ್ಪತ್ರೆಗಳನ್ನು ನೆಚ್ಚಿದ್ದಿತು. ಸಂಜೆಯ ದವಾಖಾನೆಗೆ ಹೋಗುವ ಬಡವನು ಅಂಥ ಲೆಕ್ಕಕ್ಕೆ ಸಿಕ್ಕುವುದು ಹೇಗೆ?

ಕ್ಷಯದ ವಿಷಯದಲ್ಲಿ ಸರಕಾರವು ಈ ಗೋಡೆಯನ್ನು ಆಗಲೇ ಒಡೆದಿದೆ. ಖಾಸಗಿ ಡಾಕ್ಟರರೂ ಪ್ರತಿಯೊಬ್ಬ ಕ್ಷಯರೋಗಿಯನ್ನು ತಿಳಿಸಬೇಕೆಂದು 2012ರಲ್ಲಿ ಆಜ್ಞೆಯಾಯಿತು. ಅವರ ರೋಗಿಗೂ ಸರಕಾರದ ಔಷಧವು ಪುಕ್ಕಟೆ ದೊರೆಯುವ ಏರ್ಪಾಡಾಯಿತು. ರಕ್ತದ ಒತ್ತಡಕ್ಕೂ ಹಾಗೇಕೆ ಆಗಬಾರದು? ಮೂವತ್ತು ವರ್ಷ ಮೀರಿದವರೆಲ್ಲರ ಒತ್ತಡವನ್ನು ಅಳೆದು, ವಹಿಯಿಟ್ಟು, ತಪ್ಪಿದವರಿಗೆ ಹೇಳಿಕಳುಹಿಸುವ ಡಾಕ್ಟರರಿಗೆ ಅಮ್ಲೋಡಿಪೈನಿನಂಥ ಅಗ್ಗದ ಗುಳಿಗೆಗಳನ್ನು ಜಿಲ್ಲಾ ಆರೋಗ್ಯ ಇಲಾಖೆಯು ತಿಂಗಳಿಗೆ ಸಾಲುವಷ್ಟು ಒದಗಿಸಲಿ. ರೋಗಿಯಿಂದ ಅದಕ್ಕೆ ಬೆಲೆ ತೆಗೆದುಕೊಳ್ಳಬಾರದೆಂಬ ಕರಾರೂ ಇರಲಿ. ಎರಡೂ ಊರುಗಳ ಡಾಕ್ಟರರು ಮೀನುಗಾರಿಕೆ ನಿಲ್ಲುವ ಜೂನ್ 1ಕ್ಕೆ ಮುಂಚೆಯೇ ಇಲಾಖೆಯ ಅಧಿಕಾರಿಗಳೊಡನೆ ಕಲೆತು ಇದನ್ನು ಗೊತ್ತುಮಾಡಬೇಕೆಂದು ನಮ್ಮ ವಿನಂತಿ.